ಸ್ತ್ರೀರಾಜ್ಯದ ಪ್ರಮೀಳೆಯೂ ಘಟ್ಟದ ಮೇಲಣ ಯಕ್ಷಗಾನವೂ

ಗಂಡಸರ ಹಂಗಿಲ್ಲದೆ ಹೆಂಗಸರೇ ಆಳುವ, ಹೆಂಗಸರೇ ಆನೆಕುದುರೆಗಳನ್ನೇರಿ ಕಾದುವ ನಾಡೊಂದು ಎಲ್ಲಿಯೋ ಇದೆಯೆಂಬ ಕಲ್ಪನೆ ಭಾರತೀಯ ವಾಙ್ಮಯದಲ್ಲಿ ಬಹು ಪ್ರಾಚೀನವಾದುದು. ಯುಧಿಷ್ಠಿರನ ರಾಜಸೂಯಕ್ಕೆ ಬಂದು ಊಳಿಗ ಮಾಡಿದ ಜನಾಂಗಗಳನ್ನು ವನಪರ್ವದಲ್ಲಿ ಶ್ರೀಕೃಷ್ಣನು ಹೆಸರಿಸುವಾಗ ಚೀನರು, ತುಖಾರರು, ತಂಗಣರು ಇವರೊಡನೆ ಸ್ತ್ರೀರಾಜ್ಯದವರನ್ನೂ ಹೇಳಿದ್ದಾನೆ. ಶಾಂತಿಪರ್ವದ ಆರಂಭದಲ್ಲಿ ಕಳಿಂಗರಾಜನ ಮಗಳ ಸ್ವಯಂವರಕ್ಕೆ ನೆರೆದ ಅರಸರ ನಡುವೆ ಸ್ತ್ರೀರಾಜ್ಯದ ಅಧಿಪತಿಯೂ ಒಬ್ಬನು ಕುಳಿತಿದ್ದಾನೆ. ಸ್ತ್ರೀಯರ ರಾಜ್ಯಕ್ಕೂ ಒಡೆಯನು ಗಂಡಸೇ ಆಗಿರಬೇಕೆಂದು ಆ ಭಾಗವನ್ನು ರಚಿಸಿದವರು ಬಗೆದಂತಿದೆ. ವರಾಹಮಿಹಿರನು ಬೃಹತ್ಸಂಹಿತೆಯ ಕೂರ್ಮವಿಭಾಗದಲ್ಲಿ ಈ ನಾಡನ್ನು ವಾಯವ್ಯದಿಕ್ಕಿಗೆ ಸೇರಿಸಿದನು. ಏಳನೆಯ ಶತಮಾನದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗನು ಹಿಮಾಲಯದ ಸುವರ್ಣಗೋತ್ರವೆಂಬ ದೇಶವನ್ನು ವರ್ಣಿಸುತ್ತ, ಅಲ್ಲಿ ಪಟ್ಟವೇರುವವಳು ಹೆಂಗಸೆಂದೂ ಅವಳ ಗಂಡನಿಗೆ ಅರಸನೆಂಬ ಹೆಸರು ಮಾತ್ರ ಉಂಟೆಂದೂ, ಆಡಳಿತದ ಸಂಗತಿ ಅವನಿಗೆ ತಿಳಿಯದೆಂದೂ ಬರೆದಿಟ್ಟನು. ಹನ್ನೆರಡನೆಯ ಶತಮಾನದ ಕಲ್ಹಣನು ಲಲಿತಾದಿತ್ಯನ ದಿಗ್ವಿಜಯವನ್ನು ಸ್ತ್ರೀರಾಜ್ಯದವರೆಗೂ ಒಯ್ದಿದ್ದಾನೆ. ಆದರೆ ಅಲ್ಲಿ ಅರಸನ ಯೋಧರನ್ನು ಕಂಗೆಡಿಸುವುದು ಬಾಣವಲ್ಲ, ಹೆಂಗಸರ ರೂಪ. ಕಾಶ್ಮೀರದ ಆ ಕವಿಗೆ ಹೆಂಗಸಿನ ಕೈಯಲ್ಲಿ ಬಿಲ್ಲನ್ನು ಕೊಡುವುದು ಅನಾವಶ್ಯಕವೆಂದು ತೋರಿರಬೇಕು.

ನಾಥಪಂಥದ ಕಥೆಗಳಲ್ಲಿ ಇದೇ ನಾಡು ಕದಳೀರಾಜ್ಯವಾಗುತ್ತದೆ. ಗುರುವಾದ ಮತ್ಸ್ಯೇಂದ್ರನು ಅಲ್ಲಿನ ರಾಣಿಯ ಬಳಿ ತನ್ನ ಯೋಗವನ್ನು ಮರೆತು ಉಳಿಯುವನು. ಶಿಷ್ಯನಾದ ಗೋರಕ್ಷನು ಬಂದು ಅವನನ್ನು ಎಚ್ಚರಿಸಿ ಕರೆದೊಯ್ಯುವನು. ಮಂಗಳೂರಿನ ಕದ್ರಿಗೂ ಈ ಕದಳಿಗೂ ನಂಟನ್ನು ಹೇಳುವ ಐತಿಹ್ಯವುಂಟು. ಅಲ್ಲಿ ಜೋಗಿಮಠವು ಇಂದಿಗೂ ಇದೆ. ಹೀಗೆ ಜ್ಯೋತಿಷಿಗೆ ದಿಕ್ಕಾಗಿ, ಯಾತ್ರಿಕನಿಗೆ ದೇಶವಾಗಿ, ಯೋಗಿಗೆ ಮಾಯೆಯಾಗಿ ತೋರಿದ ಈ ಕಲ್ಪನೆ ಪ್ರಣಯಕಥೆಯಾದುದು ಜೈಮಿನೀಯ ಅಶ್ವಮೇಧಪರ್ವದಲ್ಲಿ. ಅದನ್ನು ಕನ್ನಡದಲ್ಲಿ ಮನೆಮಾತಾಗಿಸಿದವನು ದೇವನೂರಿನ ಲಕ್ಷ್ಮೀಶ. ಆದರೆ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಆ ಕಥೆಯನ್ನು ಓದಿ ಬಲ್ಲವರಿಗಿಂತ ನೋಡಿ ಕೇಳಿ ಬಲ್ಲವರೇ ಅಧಿಕ. ಗದ್ದೆಯ ಬಯಲಿನಲ್ಲಿ ರಾತ್ರಿಯ ಆಟವಾಗಿ, ಮಳೆಗಾಲದಲ್ಲಿ ಮನೆಯ ಜಗಲಿಯ ಮೇಲೆ ತಾಳಮದ್ದಳೆಯಾಗಿ ಅದು ಅವರಿಗೆ ತಲಪಿದೆ. ಸ್ತ್ರೀಪುರುಷಧರ್ಮಗಳು ತಲೆಕೆಳಗಾಗುವ ಈ ಕಥೆಗಳು ಗ್ರಂಥದಲ್ಲಿ ಏನಾಗಿದ್ದುವು, ರಂಗದ ಮೇಲೆ ಏನಾದುವು ಎಂಬುದು ವಿಚಾರಾರ್ಹವಾದ ವಿಷಯ.

ಜೈಮಿನಿಭಾರತದ ಕುದುರೆಯು ನಡೆದ ದಾರಿಯನ್ನು ಮೊದಲು ಗಮನಿಸಬೇಕು. ಅರ್ಜುನನು ಗೆಲ್ಲುತ್ತ ಹೋಗುವ ಅರಸರ ಹೆಸರುಗಳನ್ನೇ ಎಣಿಸುತ್ತ ಬಂದವರಿಗೆ ಈ ಕಥೆ ಕಾಳಗಗಳ ಮಾಲೆಯಾಗಿ ತೋರುವುದು ಸಹಜ. ಆದರೆ ಆ ಕಾಳಗಗಳ ನಡುವೆ ನಿಂತು ಕಥೆಯ ಮುಖವನ್ನು ತಿರುಗಿಸುವವರು ಬಹುಮಟ್ಟಿಗೆ ಹೆಂಗಸರೇ ಆಗಿದ್ದಾರೆ. ಮಾಹಿಷ್ಮತಿಯಲ್ಲಿ ನೀಲಧ್ವಜನು ಸೋತು ಕುದುರೆಯನ್ನು ಒಪ್ಪಿಸಲು ಸಿದ್ಧನಾದರೂ ಅವನ ಹೆಂಡತಿ ಜ್ವಾಲೆಯು ಸೋಲನ್ನು ಒಪ್ಪಲೊಲ್ಲಳು. ಗಂಡನನ್ನು ಮತ್ತೆ ಯುದ್ಧಕ್ಕೆ ನೂಕುವಳು. ಅದೂ ಫಲಿಸದಿರಲು ತವರಿಗೆ ಹೋಗಿ ಅಣ್ಣನನ್ನು ಕೇಳುವಳು. ಅಲ್ಲಿಯೂ ಆಗದಿರಲು ಗಂಗೆಯ ಎದುರು ಭೀಷ್ಮವಧೆಯನ್ನು ನೆನಪಿಸಿ ಅರ್ಜುನನಿಗೆ ಶಾಪ ಬರುವಂತೆ ಮಾಡುವಳು. ಕಡೆಗೆ ತಾನು ಬೆಂಕಿಗೆ ಬಿದ್ದು ಬಾಣವಾಗಿ ಬಭ್ರುವಾಹನನ ಬತ್ತಳಿಕೆಯನ್ನು ಸೇರುವಳು. ಗಂಡಸರು ಹಿಡಿಯುವ ಆಯುಧವೇ ಹೆಣ್ಣಾಗಿ ಬಂದು ಅರ್ಜುನನ ತಲೆಯನ್ನು ತೆಗೆಯಿತೆಂಬ ಈ ಕಲ್ಪನೆಗೆ ಸಾಟಿಯಾದುದು ಬೇರೆಡೆಯಲ್ಲಿ ವಿರಳ. ಇದಕ್ಕೆ ಮೂಲಭಾರತದಲ್ಲಿಯೂ ಒಂದು ಬೀಜವುಂಟು. ಸಭಾಪರ್ವದ ಸಹದೇವದಿಗ್ವಿಜಯದಲ್ಲಿ ಮಾಹಿಷ್ಮತಿಯ ಹೆಂಗಸರು ಯಾರ ಅಂಕೆಗೂ ಒಳಗಾಗದೆ ಸ್ವೇಚ್ಛೆಯಿಂದ ನಡೆಯಬಹುದೆಂದು ಅಗ್ನಿಯೇ ವರವಿತ್ತನೆಂದಿದೆ. ಆ ವರದ ಪಟ್ಟಣದಲ್ಲಿ ಜ್ವಾಲೆ ಹುಟ್ಟಿಕೊಂಡುದು ಆಕಸ್ಮಿಕವೆಂದು ಹೇಳಲಾಗದು.

ಮುಂದೆ ಕುದುರೆ ಒಂದು ಬಂಡೆಗೆ ಅಂಟಿಕೊಳ್ಳುತ್ತದೆ. ಆ ಬಂಡೆ ಉದ್ದಾಲಕನ ಹೆಂಡತಿ ಚಂಡಿ. ಗಂಡನು ಹೇಳಿದುದಕ್ಕೆಲ್ಲ ವಿರುದ್ಧವಾಗಿ ನಡೆಯುವುದೇ ಅವಳ ವ್ರತ. ಅವಳಿಂದ ಶ್ರಾದ್ಧವನ್ನು ಮಾಡಿಸಬೇಕಾದ ಉದ್ದಾಲಕನು ಬೇಕಾದುದನ್ನು ಬೇಡವೆಂದು ಹೇಳಿ ಹೇಳಿ ಕೆಲಸವನ್ನು ಸಾಗಿಸಿದನು. ಕಡೆಯಲ್ಲಿ ಮಾತ್ರ ಮರೆತು, ಪಿಂಡವನ್ನು ನದಿಗೆ ಹಾಕೆಂದು ನೇರವಾಗಿ ನುಡಿದನು. ಅವಳು ತಿಪ್ಪೆಗೆ ಹಾಕಿದಳು. ಶಪಿತಳಾಗಿ ಕಲ್ಲಾದಳು. ಈ ಕಥೆಯನ್ನು ಹಾಸ್ಯವೆಂದು ನಕ್ಕುಬಿಡುವುದು ವಾಡಿಕೆ. ಆದರೆ ಅಶ್ವಮೇಧದ ಕುದುರೆಯನ್ನು ಮಹಾರಥರಿಗಿಂತ ಗಟ್ಟಿಯಾಗಿ ಹಿಡಿದು ನಿಲ್ಲಿಸಿದವಳು ಈ ಚಂಡಿಯೇ. ಅನಂತರ ಸುಧನ್ವನ ಕಥೆಯಾದಮೇಲೆ ಕುದುರೆ ಒಂದು ಕೊಳಕ್ಕಿಳಿದು ಹೆಣ್ಣುಕುದುರೆಯಾಗುವುದು. ಆ ನೀರಿಗಿಳಿದ ಗಂಡುಗಳೆಲ್ಲ ಹೆಣ್ಣಾಗಲೆಂದು ಪಾರ್ವತಿಯ ಶಾಪ. ಭಾಗವತದ ನವಮಸ್ಕಂಧದಲ್ಲಿ ಸುದ್ಯುಮ್ನನಿಗೆ ಆದುದು ಇಲ್ಲಿ ಕುದುರೆಗೆ ಆಯಿತು. ಇನ್ನೊಂದು ಕೊಳದಲ್ಲಿ ಅದು ಹುಲಿಯಾಗಿ, ಕೃಷ್ಣಸ್ಮರಣೆಯಿಂದ ಮತ್ತೆ ಕುದುರೆಯಾಗುವುದು. ಅಲ್ಲಿಂದ ಹೊರಟ ಕುದುರೆ ನೇರವಾಗಿ ಕಾಲಿಡುವುದು ಪ್ರಮೀಳೆಯ ಸ್ತ್ರೀರಾಜ್ಯಕ್ಕೆ! ಕುದುರೆಯ ರೂಪವ್ಯತ್ಯಯವು ಬರಲಿರುವುದಕ್ಕೆ ನಾಂದಿಯೆಂಬುದು ಸ್ಪಷ್ಟವಾಗಿದ್ದರೂ ಕಾವ್ಯವನ್ನು ಪಾಠಹೇಳುವವರು ಈ ಎರಡನ್ನೂ ಬೇರೆ ಬೇರೆ ಕಥೆಗಳೆಂದು ಭಾವಿಸಿ ಕತ್ತರಿಸಿಬಿಡುತ್ತಾರೆ.

ಪ್ರಮೀಳೆಯ ನಾಡಿನಲ್ಲಿ ಹೊರಗಿನಿಂದ ಬಂದು ತಿಂಗಳು ಮೀರಿ ನಿಂತ ಗಂಡಸು ಜೀವದಿಂದ ಉಳಿಯುವುದಿಲ್ಲ. ಅವಳು ಕುದುರೆಯನ್ನು ಕಟ್ಟಿಸಿ, ತನ್ನನ್ನು ವರಿಸು, ಇಲ್ಲವೆ ಯುದ್ಧಕ್ಕೆ ನಿಲ್ಲು ಎಂದು ಅರ್ಜುನನಿಗೆ ತಿಳಿಸುವಳು. ಈ ಸಂದರ್ಭದ ವಿಪರ್ಯಯವು ಹೆಣ್ಣು ಬಿಲ್ಲು ಹಿಡಿದುದರಲ್ಲಿ ಮಾತ್ರವಿದೆಯೆಂದು ತಿಳಿದರೆ ಅದು ಅರ್ಧ ತಿಳಿದಂತೆ. ದಿಗ್ವಿಜಯದ ಕಥೆಗಳ ಕಟ್ಟಳೆಯೇನು? ಅರಸನು ಹೊರಡುವನು, ಗೆಲ್ಲುವನು, ಸೋತವನು ಆನೆ, ಕುದುರೆ, ರತ್ನ, ಕನ್ಯೆ ಇವನ್ನು ಕಪ್ಪವಾಗಿ ಒಪ್ಪಿಸುವನು. ಇಲ್ಲಿ ಕಪ್ಪವಾಗಿ ಕೇಳಲ್ಪಡುವವನು ದಿಗ್ವಿಜಯಕ್ಕೆ ಹೊರಟ ಅರ್ಜುನನೇ. ಸ್ತ್ರೀಯೊಡನೆ ಕಾದುವುದು ಹೇಗೆಂದು ಶಂಕಿಸುತ್ತಲೇ ಅವನು ಬಿಲ್ಲೆತ್ತುವನು. ಅವನ ಬಾಣಗಳನ್ನು ಅವಳು ಕಡಿದೊಗೆಯುವಳು. ಆಗ ಅಶರೀರವಾಣಿಯು, ಇವಳನ್ನು ನೀನು ಎಷ್ಟು ಸಾವಿರ ವರ್ಷ ಕಾದಿದರೂ ಗೆಲ್ಲಲಾರೆ, ಇವಳನ್ನು ವರಿಸು ಎಂದು ತಿಳಿಸುವುದು. ಅರ್ಜುನನು ಒಪ್ಪುವನು, ಯಾಗ ಮುಗಿಯುವವರೆಗಿನ ವ್ರತವನ್ನು ಮುಂದಿಟ್ಟು, ನೀನು ಹಸ್ತಿನಾವತಿಗೆ ನಡೆ ಎನ್ನುವನು. ಕಾವ್ಯಗಳಲ್ಲಿ ನಾಯಿಕೆಯರು ವ್ರತದ ನೆವದಿಂದ ನಾಯಕನನ್ನು ತಡೆದು ನಿಲ್ಲಿಸುವುದನ್ನು ಓದಿರುವವರಿಗೆ, ನಾಯಕನೇ ವ್ರತವನ್ನು ಮುಂದೊಡ್ಡಿ ಗಡುವು ಕೇಳುವ ಈ ಸಂದರ್ಭದ ಸ್ವಾರಸ್ಯ ತಿಳಿಯದಿರದು.

ಮದುವೆಯಿಂದ ಕಥೆ ಮುಗಿಯುವುದಾದಕಾರಣ ಸ್ತ್ರೀರಾಜ್ಯವು ಕಡೆಗೆ ಪುರುಷನಿಗೆ ವಶವಾಯಿತೆಂದೂ, ವಿಪರ್ಯಯವು ಕೇವಲ ವಿನೋದಾರ್ಥವೆಂದೂ ವಾದಿಸುವವರುಂಟು. ಈ ವಾದಕ್ಕೆ ಮೀನಾಕ್ಷಿಯ ಕಥೆ ಸರಿಯಾಗಿ ಹೊಂದುತ್ತದೆ, ಪ್ರಮೀಳೆಯ ಕಥೆ ಹೊಂದುವುದಿಲ್ಲ. ಮಧುರೆಯ ಪಾಂಡ್ಯಕುಮಾರಿಯಾದ ಮೀನಾಕ್ಷಿಗೆ ಹುಟ್ಟುವಾಗ ಮೂರು ಸ್ತನಗಳು. ದಿಕ್ಕುಗಳನ್ನು ಗೆದ್ದು ಕೈಲಾಸದವರೆಗೆ ನಡೆದ ಅವಳು ಶಿವನನ್ನು ಕಂಡೊಡನೆ ಮೂರನೆಯದು ಅಡಗಿ, ವೀರ್ಯವು ಲಜ್ಜೆಯಾಗಿ ತಿರುಗುವುದು. ಅಲ್ಲಿ ವರನ ದರ್ಶನವೇ ಅವಳ ಶಸ್ತ್ರಸಂನ್ಯಾಸ, ದೇಹವೇ ಬದಲಾಯಿಸಿತು. ಪ್ರಮೀಳೆಗೆ ಹಾಗಾಗುವುದಿಲ್ಲ. ಅವಳು ಮೊದಲು ಕೇಳಿದುದೇನೋ ಅದೇ ಕಡೆಯಲ್ಲಿ ದೊರೆಯುತ್ತದೆ. ಮನಸ್ಸನ್ನು ಬದಲಿಸಬೇಕಾದವನು ಅರ್ಜುನ. ಒಂದೇ ಮಂಗಳದಿಂದ ಮುಗಿಯುವ ಈ ಎರಡು ಕಥೆಗಳ ತಿರುಳು ಒಂದೇ ಅಲ್ಲ.

ಇನ್ನು ವಿಷಯೆಯ ಕಥೆ. ಅವಳ ಕೈಯಲ್ಲಿ ಬಿಲ್ಲಿಲ್ಲ, ರಾಜ್ಯವಿಲ್ಲ. ಆದರೂ ವಿಪರ್ಯಯದಲ್ಲಿ ಪ್ರಮೀಳೆಗಿಂತ ಅವಳು ಮುಂದೆ. ಕುಂತಳದ ಮಂತ್ರಿ ದುಷ್ಟಬುದ್ಧಿಯು ಚಂದ್ರಹಾಸನ ಕೈಯಲ್ಲೇ ಅವನ ಮರಣದ ಓಲೆಯನ್ನು ಕೊಟ್ಟು ಮಗನಾದ ಮದನನ ಬಳಿಗೆ ಕಳುಹುವನು. ದಾರಿಯ ದಣಿವಿನಿಂದ ಉಪವನದಲ್ಲಿ ಮಲಗಿ ನಿದ್ರಿಸುವ ಚಂದ್ರಹಾಸನನ್ನು ಮಂತ್ರಿಯ ಮಗಳು ಕಾಣುವಳು. ಗಂಡು ಮಲಗಿದ್ದಾನೆ, ಹೆಣ್ಣು ನೋಡುತ್ತಿದ್ದಾಳೆ. ನಾಯಿಕೆಯನ್ನು ಮರೆಯಲ್ಲಿ ನಿಂತು ನೋಡುವ ನಾಯಕನನ್ನು ದುಷ್ಯಂತನ ಕಾಲದಿಂದಲೂ ಕಂಡಿರುವ ಸಾಹಿತ್ಯದಲ್ಲಿ ಈ ನೋಟವು ಅಪೂರ್ವವಾದುದು. ಅವಳು ಓಲೆಯನ್ನು ಬಿಡಿಸಿ ಓದಿ, ‘ವಿಷ’ವೆಂದಿದ್ದುದನ್ನು ತನ್ನ ಹೆಸರಾದ ‘ವಿಷಯೆ’ಯನ್ನಾಗಿ ಕಣ್ಣಿನ ಕಪ್ಪಿನಿಂದ ತಿದ್ದುವಳು. ಕೊಲ್ಲುವ ಓಲೆ ಲಗ್ನಪತ್ರಿಕೆಯಾಯಿತು. ತಂದೆಯ ಆಜ್ಞೆಯನ್ನು ಮೀರದೆ, ಆದರೆ ಅದರ ಅಕ್ಷರವನ್ನೇ ತಿದ್ದಿ ತನ್ನ ಮದುವೆಯನ್ನು ತಾನೇ ಬರೆದುಕೊಂಡ ಕನ್ಯೆ ಇವಳು. ಈ ಕಥೆಯು ಘಟ್ಟದ ಮೇಲಣವರಿಗೆ ನೆರೆಹೊರೆಯದೇ ಆಗಿದೆ. ಶಿರಸಿ ತಾಲ್ಲೂಕಿನ ಬನವಾಸಿಯು ಪ್ರಾಚೀನ ಕುಂತಳದೇಶಕ್ಕೆ ಸೇರಿದುದು. ಪಕ್ಕದ ಸೊರಬ ತಾಲ್ಲೂಕಿನ ಕುಬಟೂರೇ ಚಂದ್ರಹಾಸನ ಕುಂತಳನಗರವೆಂಬ ಐತಿಹ್ಯವು ಬಹುಕಾಲದಿಂದ ನಡೆದುಬಂದಿದೆ. ಐತಿಹ್ಯಕ್ಕೆ ಇತಿಹಾಸದ ಬೆಲೆಯನ್ನು ಕೊಡಬೇಕಾಗಿಲ್ಲ. ಆದರೆ ಕಥೆಯೊಂದನ್ನು ಒಂದು ಸೀಮೆಯ ಜನ ತಮ್ಮ ಊರಿಗೆ ತಂದು ನೆಲೆಗೊಳಿಸಿದರೆಂಬುದು ತಾನೇ ಒಂದು ಇತಿಹಾಸ. ಅರ್ಜುನನಿಗೂ ಈ ನೆಲ ಹೊಸದಲ್ಲ. ಕ್ರಿ.ಶ. 941ರ ವಿಕ್ರಮಾರ್ಜುನವಿಜಯದಲ್ಲಿ ಪಂಪನು ಅವನ ತೀರ್ಥಯಾತ್ರೆಯನ್ನು ಬನವಾಸಿಯ ಮೂಲಕವೇ ನಡೆಸಿದನಷ್ಟೆ.

ಯಕ್ಷಗಾನವು ಇವೆಲ್ಲವನ್ನೂ ಪ್ರಸಂಗಗಳಾಗಿ ಎತ್ತಿಕೊಂಡಿತು. ಬಡಗುತಿಟ್ಟಿನಲ್ಲಿ ಸ್ತ್ರೀವೇಷಗಳೆಲ್ಲ ಒಂದೇ ಬಗೆಯಲ್ಲ: ಗರತಿಯ ವೇಷ ಬೇರೆ, ಶೃಂಗಾರದ ವೇಷ ಬೇರೆ, ವೀರಸ್ತ್ರೀಯರ ‘ಕಸೆ ಸ್ತ್ರೀವೇಷ’ವೇ ಬೇರೆ. ಪ್ರಮೀಳೆ, ಮೀನಾಕ್ಷಿ, ಶಶಿಪ್ರಭೆ ಇವರು ಈ ಕೊನೆಯ ಬಗೆಗೆ ಸೇರಿದವರು. ಕಚ್ಚೆ ಕಟ್ಟಿ, ಬಿಲ್ಲುಬಾಣ ಹಿಡಿದು, ಪುರುಷವೇಷದ ಬಿರುಸಿನ ಹೆಜ್ಜೆಗೆ ಸಾಟಿಯಾಗಿ ಕುಣಿಯಬೇಕಾದ ವೇಷವಿದು. ಆದರೆ ಹೆಣ್ಣೆಂಬ ಲಾಲಿತ್ಯವು ತಪ್ಪಬಾರದು. ಅಲಂಕಾರಶಾಸ್ತ್ರದಲ್ಲಿ ನಾಯಿಕಾಭೇದಗಳನ್ನು ನೂರಾರಾಗಿ ಎಣಿಸಿದವರು ಈ ಬಗೆಗೆ ಪ್ರತ್ಯೇಕವಾದ ಹೆಸರನ್ನು ಕೊಡಲಿಲ್ಲ. ಸ್ವೀಯೆ, ಪರಕೀಯೆ, ಸಾಮಾನ್ಯೆ ಎಂಬ ಅವರ ವಿಭಾಗವೆಲ್ಲ ಹೆಣ್ಣು ಯಾರಿಗೆ ಸೇರಿದವಳೆಂಬುದನ್ನು ಅವಲಂಬಿಸಿದೆ. ಶಾಸ್ತ್ರಕಾರರು ಬಿಟ್ಟ ಸ್ಥಾನವನ್ನು ವೇಷಕಟ್ಟುವವರು ತುಂಬಿದರು. ಅದನ್ನು ಲಾಕ್ಷಣಿಕರು ಕೇವಲ ಚೌಕಿಯ ಮಾತೆಂದು ಅಲಕ್ಷಿಸಬಾರದು.

ಈ ಕಲೆಯಲ್ಲಿ ವಿಪರ್ಯಯವು ಇಮ್ಮಡಿಯಾಗಿದೆಯೆಂಬುದು ಮತ್ತೊಂದು ಸ್ವಾರಸ್ಯ. ಯಕ್ಷಗಾನವನ್ನು ಗಂಡುಕಲೆಯೆಂದು ಕರೆಯುವುದು ರೂಢಿ. ಬಹುಕಾಲ ಅದರಲ್ಲಿ ವೇಷ ಕಟ್ಟಿದವರು ಗಂಡಸರೇ. ಆದುದರಿಂದ ರಂಗದ ಮೇಲಣ ಪ್ರಮೀಳೆಯು ಗಂಡಿನ ಧರ್ಮವನ್ನು ವಹಿಸಿದ ಹೆಣ್ಣಿನ ವೇಷವನ್ನು ತೊಟ್ಟ ಗಂಡು. ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳವನ್ನು ಕಟ್ಟಿದಂದಿನಿಂದ ಈ ಸೀಮೆಯ ಆಟಕ್ಕೆ ಅಭಿನಯಪ್ರಾಧಾನ್ಯವು ಹೆಚ್ಚಿತು. ಅದೇ ತಾಲ್ಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ (1933–2017) ಭಸ್ಮಾಸುರನನ್ನು ನೋಡಿದವರು ಘಟ್ಟದ ಮೇಲೆಯೂ ಕೆಳಗೆಯೂ ಬಹುಮಂದಿ ಇದ್ದಾರೆ. ಭಸ್ಮಾಸುರಮೋಹಿನಿಯ ಪ್ರಸಂಗವು ಹೆಣ್ಣುಗಂಡುಗಳ ಅನುಕರಣದಮೇಲೆಯೇ ನಿಂತಿರುವುದು. ವಿಷ್ಣುವು ಹೆಣ್ಣಾಗಿ ಕುಣಿಯುವನು. ರಾಕ್ಷಸನು ಆ ಹೆಣ್ಣಿನ ಕುಣಿತವನ್ನು ಹೆಜ್ಜೆ ಹೆಜ್ಜೆಗೂ ಅನುಸರಿಸುವನು. ಜಗತ್ತನ್ನೇ ಸುಡಬಲ್ಲ ಕೈಯನ್ನು ಕಡೆಗೆ ಅವಳಂತೆಯೇ ತನ್ನ ತಲೆಯಮೇಲೆ ಇಟ್ಟುಕೊಳ್ಳುವನು. ಬಲಿಷ್ಠನಾದ ಗಂಡು ಹೆಣ್ಣಿನ ಶಿಷ್ಯನಾಗುವ ಆ ಘಳಿಗೆಯನ್ನು ಚಿಟ್ಟಾಣಿಯವರು ಕೇವಲ ನಗೆಗೆ ಬಿಡದೆ ರಾಗಪರವಶತೆಯ ಚಿತ್ರವನ್ನಾಗಿ ಮಾಡಿದರೆಂಬುದೇ ಅವರ ಪ್ರಸಿದ್ಧಿಗೆ ಕಾರಣ. ವಿರಾಟಪರ್ವದ ಬೃಹನ್ನಳೆಯೂ ಹೀಗೆಯೇ. ಹೆಣ್ಣುಡುಗೆಯವನು ಬಿಲ್ಲೆತ್ತಿ ಕೌರವಸೇನೆಯನ್ನು ತಡೆಯುತ್ತಾನೆ; ಗಂಡುಡುಗೆಯ ರಾಜಕುಮಾರನು ರಥದಿಂದ ಧುಮುಕಿ ಓಡುತ್ತಾನೆ. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆಗೆ ಅಷ್ಟು ಹಳೆಯ ಬೇರಿದೆ.

ಇಂತಹ ಕಥೆಗಳನ್ನು ನೋಡಿದ ಜನರು ಬದುಕಿದ್ದ ಲೋಕ ಯಾವುದು? ಸಿದ್ದಾಪುರದಿಂದ ಘಟ್ಟವಿಳಿದರೆ ಶರಾವತಿಯ ದಂಡೆಯ ಗೇರುಸೊಪ್ಪೆ. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ತುಗೀಸರು ಮೆಣಸಿನ ರಾಣಿಯೆಂದು ಕರೆದರು. ಘಟ್ಟದ ಮೇಲಣ ಮೆಣಸು ಕಡಲಿಗಿಳಿಯುವ ದಾರಿ ಅವಳ ಕೈಯಲ್ಲಿತ್ತು. ಹದಿನೇಳನೆಯ ಶತಮಾನದ ಆದಿಯಲ್ಲಿ ಆ ರಾಜ್ಯವು ಕೆಳದಿಯ ವೆಂಕಟಪ್ಪನಾಯಕನಿಗೆ ವಶವಾಯಿತು. 1623ರಲ್ಲಿ ಗೇರುಸೊಪ್ಪೆಯ ಮಾರ್ಗವಾಗಿ ಇಕ್ಕೇರಿಗೆ ಹೋದ ಇಟಲಿಯ ಯಾತ್ರಿಕ ಪಿಯೆತ್ರೊ ಡೆಲ್ಲಾ ವಲ್ಲೆಯು ರಾಣಿಯ ಪಟ್ಟಣವು ಕಾಡಾಗುತ್ತಿರುವುದನ್ನು ಕಂಡು, ಅವಳು ಪರಸ್ಥಳದವನೊಬ್ಬನನ್ನು ಪ್ರೀತಿಸಿ ಕೆಟ್ಟಳೆಂಬ ಜನವಾರ್ತೆಯನ್ನು ಬರೆದುಕೊಂಡನು. ಇದನ್ನು ವಿಚಾರಮಾಡಬೇಕು. ದಶಕಗಳ ಕಾಲ ಬಂದರು, ವ್ಯಾಪಾರ, ಸೇನೆಗಳನ್ನು ನಡೆಸಿದ ರಾಣಿಯ ಪತನಕ್ಕೆ ಜನರ ಬಾಯಿ ಕೊಟ್ಟ ಕಾರಣ ಪ್ರಣಯ! ಅರಸನೊಬ್ಬನು ಸೋತರೆ ಸೇನೆಯ ಬಲಾಬಲವನ್ನು ಹೇಳುವ ನಾಲಗೆ, ಅರಸಿಯು ಸೋತರೆ ಅವಳ ಮನಸ್ಸಿನ ಚಾಪಲ್ಯವನ್ನು ಹೇಳಿತು. ಕಥೆಯ ಪ್ರಮೀಳೆಗೆ ದೊರೆತ ನ್ಯಾಯವು ನಿಜವಾದ ರಾಣಿಗೆ ದೊರೆಯಲಿಲ್ಲ. ಅಳಿಯಸಂತಾನದ ಕಟ್ಟಳೆ ಕರಾವಳಿಯಲ್ಲಿ ನಡೆಯುತ್ತಿದ್ದ ಕಾಲದ ಸಂಗತಿಯಿದು. ಹೆಣ್ಣಿನ ಮೂಲಕ ಸ್ವತ್ತು ಇಳಿಯುವುದು ಅಲ್ಲಿ ಯಾರಿಗೂ ಅದ್ಭುತವಾಗಿರಲಿಲ್ಲ. ಆದಿಪರ್ವದಲ್ಲಿ ಚಿತ್ರಾಂಗದೆಯ ತಂದೆಯು, ಇವಳು ತನಗೆ ಪುತ್ರಿಕೆ, ಇವಳಲ್ಲಿ ಹುಟ್ಟುವ ಮಗನು ತನ್ನ ವಂಶಕ್ಕೆ ಸೇರತಕ್ಕವನು ಎಂದು ಅರ್ಜುನನಿಗೆ ಕರಾರು ಹಾಕುವುದನ್ನು ಬೇರೆಡೆಯ ಓದುಗರಿಗೆ ಸಮರ್ಥಿಸಬೇಕಾಗಬಹುದು. ಕರಾವಳಿಯ ಶ್ರೋತೃಗಳಿಗೆ ಅದರಲ್ಲಿ ಸಮರ್ಥಿಸಬೇಕಾದುದು ಹೆಚ್ಚೇನೂ ಇರಲಾರದು.

ಘಟ್ಟದ ಮೇಲೆ, ಶಿರಸಿಗೆ ಸಮೀಪದ ಸೋದೆಯಲ್ಲಿ, ಬೇರೊಂದು ಬಗೆಯ ಸಾಕ್ಷ್ಯವಿದೆ. ಅಲ್ಲಿ ನೆಲಸಿ 1600ರಲ್ಲಿ ವೃಂದಾವನಸ್ಥರಾದ ವಾದಿರಾಜಯತಿಗಳು ಕನ್ನಡದಲ್ಲಿ ರಚಿಸಿದ ಲಕ್ಷ್ಮೀಶೋಭಾನೆಯನ್ನು ಮಾಧ್ವರ ಮದುವೆಯ ಮನೆಗಳಲ್ಲಿ ಹೆಂಗಸರು ಹಾಡುತ್ತಾರೆ. ಭಾಗವತದ ಅಷ್ಟಮಸ್ಕಂಧದಲ್ಲಿ ಪಾಲ್ಗಡಲಿನಿಂದ ಎದ್ದ ಲಕ್ಷ್ಮಿಯು ಮಾಲೆಯನ್ನು ಹಿಡಿದು ನೆರೆದವರನ್ನೆಲ್ಲ ಒಬ್ಬೊಬ್ಬರಾಗಿ ನೋಡುವಳು. ಒಬ್ಬನಿಗೆ ತಪಸ್ಸುಂಟು, ಕೋಪವನ್ನು ಗೆದ್ದಿಲ್ಲ. ಒಬ್ಬನಿಗೆ ಜ್ಞಾನವುಂಟು, ಸಂಗವು ಬಿಟ್ಟಿಲ್ಲ. ಒಬ್ಬನು ದೊಡ್ಡವನು, ಕಾಮವು ಅವನನ್ನು ಬಿಟ್ಟಿಲ್ಲ. ದೋಷವೇ ಇಲ್ಲದವನೊಬ್ಬನುಂಟು, ಅವನು ಅವಳನ್ನು ಬಯಸುವುದಿಲ್ಲ. ಅವನಿಗೇ ಅವಳು ಮಾಲೆಯನ್ನು ಹಾಕುವಳು. ಶೋಭಾನೆಯೂ ಇದೇ ಜಾಡನ್ನು ಹಿಡಿದಿದೆ. ವರಪರೀಕ್ಷೆಯನ್ನು ವಧುವೇ ಮಾಡುವ ಈ ಪದವನ್ನು ಹಸೆಯ ಮುಂದೆ ಹಾಡುತ್ತಿದ್ದ ಕಾಲದಲ್ಲಿ ಹಸೆಯ ಮೇಲೆ ಕುಳಿತಿರುತ್ತಿದ್ದವಳು ಎಂಟೋ ಹತ್ತೋ ವರ್ಷದ ಹುಡುಗಿ. ಅವಳ ಇಚ್ಛೆಯನ್ನು ಕೇಳುವ ಪ್ರಮೇಯವೇ ಇರಲಿಲ್ಲ. 1929ರ ಶಾರದಾ ಕಾಯಿದೆಯು ಹುಡುಗಿಯ ವಯಸ್ಸನ್ನು ಹದಿನಾಲ್ಕಕ್ಕೆ ನಿಲ್ಲಿಸಿದಾಗ ಧರ್ಮಕ್ಕೆ ಚ್ಯುತಿ ಬಂದಿತೆಂದು ವಿದ್ವತ್ಸಭೆಗಳಲ್ಲಿ ಕೋಲಾಹಲವಾಯಿತು. ಆ ಸಭೆಗಳಲ್ಲಿ ಶ್ರುತಿಸ್ಮೃತಿಗಳನ್ನು ಉದಾಹರಿಸಿದವರಿಗೆ ತಮ್ಮ ಮನೆಯ ಹೆಂಗಸರು ಹಾಡುತ್ತಿದ್ದ ಪದವು ನೆನಪಿಗೆ ಬಂದಂತೆ ತೋರುವುದಿಲ್ಲ. ಹಾಡು ಮಾತ್ರ ಹಾಗೆಯೇ ಉಳಿದುಬಂದಿತು. ಈಗ ಅಡಕೆತೋಟದ ಮನೆಗಳಲ್ಲಿ ಊರಲ್ಲೇ ನಿಂತ ಗಂಡುಮಕ್ಕಳಿಗೆ ಹೆಣ್ಣು ದೊರೆಯುವುದು ಕಷ್ಟವಾಗಿದೆ. ಓದಿ ಪಟ್ಟಣ ಸೇರಿದ ಹೆಣ್ಣುಮಕ್ಕಳು ವರನನ್ನು ತಾವೇ ಪರೀಕ್ಷಿಸುತ್ತಾರೆ. ಇದರಲ್ಲಿ ತೋಟವನ್ನು ನೋಡಿಕೊಳ್ಳುವವರಿಗೆ ದುಃಖವುಂಟು, ಆ ದುಃಖವು ಸುಳ್ಳಲ್ಲ. ಆದರೆ ಇದನ್ನು ಕಲಿಗಾಲದ ವಿಪರೀತವೆನ್ನುವವರು ಕ್ಷೀರಸಾಗರದ ದಂಡೆಯನ್ನು ಮರೆತಿದ್ದಾರೆ.

ಪ್ರಸಂಗಕ್ಕೆ ಹಿಂದಿರುಗಿದರೆ, ರಂಗದ ಮೇಲೆ ಪ್ರಮೀಳೆಯ ಗತಿಯೇನಾಯಿತೆಂಬುದು ಉಳಿಯುತ್ತದೆ. ಯಕ್ಷಗಾನದಲ್ಲಿ ಬರೆದಿಟ್ಟುದು ಪದ್ಯ ಮಾತ್ರ. ಅರ್ಥವು ಆಯಾ ರಾತ್ರಿಯದು. ಭಾಗವತನು ಹಾಡಿದ ಒಂದು ಪದ್ಯಕ್ಕೆ ಅರ್ಥಧಾರಿಯು ಎರಡು ಮಾತನ್ನಾಡಿ ಮುಗಿಸಬಹುದು, ಅರ್ಧ ಘಂಟೆಯ ವಾದವನ್ನೂ ಹೂಡಬಹುದು. ಪ್ರಮೀಳೆಯು ಸೋತಳೋ ಗೆದ್ದಳೋ ಎಂಬುದು ಪದ್ಯದಲ್ಲಿ ನಿರ್ಣಯವಾಗುವುದಿಲ್ಲ, ಅಶರೀರವಾಣಿಯಾದಮೇಲೆ ಅವಳು ಆಡುವ ಮಾತಿನಲ್ಲಿ ನಿರ್ಣಯವಾಗುತ್ತದೆ. ಬಯಲಾಟದಲ್ಲಿ ಆ ಹೊತ್ತಿಗೆ ಬೆಳಗಿನ ಜಾವ, ಮಂಗಳಕ್ಕೆ ತ್ವರೆ. ಬಿಲ್ಲನ್ನು ಕೆಳಗಿಟ್ಟು, ಸೆರಗನ್ನು ಸರಿಪಡಿಸಿಕೊಂಡು, ತಲೆತಗ್ಗಿಸಿ ನಾಚಿದರೆ ಸಭೆಗೂ ಒಪ್ಪಿಗೆ, ವೇಷಧಾರಿಗೂ ಸುಲಭ. ಹಾಗೆ ಮಾಡಿದಾಗ ಪ್ರಮೀಳೆಯು ಮೀನಾಕ್ಷಿಯಾಗಿಬಿಡುತ್ತಾಳೆ. ಲಕ್ಷ್ಮೀಶನು ಅರ್ಜುನನಿಂದ ಮಾಡಿಸಿದ ಶರಣಾಗತಿಯನ್ನು ರಂಗವು ಪ್ರಮೀಳೆಯಿಂದ ಮಾಡಿಸಿದಂತಾಗುತ್ತದೆ. ಇದು ಗ್ರಂಥಕ್ಕೂ ಕಥೆಗೂ ಮಾಡಿದ ಅನ್ಯಾಯವೆಂದೇ ಹೇಳಬೇಕು.

ತಾಳಮದ್ದಳೆಯಲ್ಲಿ ಹೀಗಾಗಬೇಕಾಗಿಲ್ಲ. ಅಲ್ಲಿ ವೇಷವಿಲ್ಲ, ಸೆರಗಿಲ್ಲ, ಕುಣಿತವಿಲ್ಲ. ಪಂಚೆಯುಟ್ಟು ಎದುರುಬದುರಾಗಿ ಕುಳಿತ ಇಬ್ಬರ ಮಾತೇ ಎಲ್ಲ. ನೀನು ದಿಗ್ವಿಜಯಕ್ಕೆ ಬಂದವನು, ಗೆದ್ದವರಿಂದ ಕನ್ಯೆಯರನ್ನು ಪಡೆದವನು. ಉಲೂಪಿಯ ನಾಡಿನಲ್ಲಿಯೂ ಮಣಲೂರಿನಲ್ಲಿಯೂ ನೀನು ಎಷ್ಟು ದಿನ ನಿಂತೆ, ಬಿಟ್ಟು ಹೋದಮೇಲೆ ಎಷ್ಟು ಸಾರಿ ತಿರುಗಿ ನೋಡಿದೆ ಎಂದು ಪ್ರಮೀಳೆಯು ಕೇಳಲು ಮಹಾಭಾರತದಲ್ಲಿಯೇ ಸಾಮಗ್ರಿಯುಂಟು. ಬಂದ ಗಂಡಸು ತಿಂಗಳಿಗೆ ಸಾಯುತ್ತಾನೆಂದು ತನ್ನ ನಾಡನ್ನು ನಿಂದಿಸುವ ಅರ್ಜುನನಿಗೆ, ನಿಲ್ಲದೆ ಹೊರಟುಹೋಗುವ ಗಂಡಸಿಗೂ ಸತ್ತ ಗಂಡಸಿಗೂ ಹೆಣ್ಣಿನ ಪಾಲಿಗೆ ಏನು ಭೇದವೆಂದು ಅವಳು ತಿರುಗಿ ಕೇಳಬಹುದು. ಇಂತಹ ವಾದಕ್ಕೆ ಪಾಂಡಿತ್ಯವೂ ಬೇಕು, ಧೈರ್ಯವೂ ಬೇಕು. ಶಿರಸಿ ಸೀಮೆಯವರಾದ ಹೊಸ್ತೋಟ ಮಂಜುನಾಥ ಭಾಗವತರು (1940–2020) ಪ್ರಸಂಗಗಳನ್ನು ರಚಿಸಿದುದಲ್ಲದೆ ಅಂಧಬಾಲಕರಿಗೂ ಯಕ್ಷಗಾನವನ್ನು ಕಲಿಸಿ ವೇಷಕಟ್ಟಿಸಿದರು. ಈ ಕಲೆಯಲ್ಲಿ ಯಾರು ಏನಾಗಬಹುದೆಂಬುದಕ್ಕೆ ಇದ್ದ ಎಲ್ಲೆಯನ್ನು ಅವರಷ್ಟು ದೂರ ಸರಿಸಿದವರು ಕಡಿಮೆ. ಆದರೆ ಪದ್ಯಗಳು ಅಚ್ಚಾಗಿ ಉಳಿದಂತೆ ಅರ್ಥವು ಉಳಿದಿಲ್ಲ. ಹೋದ ತಲೆಮಾರಿನ ಅರ್ಥಧಾರಿಗಳು ಪ್ರಮೀಳೆಯ ಬಾಯಿಂದ ಆಡಿಸಿದುದರಲ್ಲಿ ಕೇಳಿದವರ ನೆನಪಿನಲ್ಲಿರುವುದಷ್ಟೇ ಉಳಿಕೆ. ಆ ಕೇಳಿದವರೂ ಈಗ ಮುದುಕರು. ಶಾಸನಗಳ ಪಡಿಯಚ್ಚನ್ನು ತೆಗೆಯಲು ಕಾಡುಮೇಡು ಅಲೆಯುವ ಸಂಶೋಧಕರು ಈ ಜಗಲಿಗಳಿಗೂ ಹೋಗಬೇಕಾಗಿದೆ.

ಸಂಗತಿಯು ಇನ್ನೊಂದು ಮೆಟ್ಟಿಲನ್ನು ಏರಿದೆ. ತೆಂಕುತಿಟ್ಟಿನಲ್ಲಿ ಲೀಲಾವತಿ ಬೈಪಾಡಿತ್ತಾಯರು (1947–2024) ವೃತ್ತಿಮೇಳಗಳಲ್ಲಿ ಜಾಗಟೆ ಹಿಡಿದು ಭಾಗವತಿಕೆ ಮಾಡಿ, ಆಟವನ್ನು ನಡೆಸುವ ಮೊದಲನೆಯ ವೇಷಧಾರಿಯ ಸ್ಥಾನಕ್ಕೆ ಹೆಂಗಸೂ ಅರ್ಹಳೆಂಬುದನ್ನು ತೋರಿಸಿದರು. ಘಟ್ಟದ ಮೇಲೆಯೂ ಹೆಂಗಸರ ತಾಳಮದ್ದಳೆಯ ಕೂಟಗಳು ನಡೆಯುತ್ತಿವೆ; ಅಲ್ಲಿ ಪ್ರಮೀಳೆಯೂ ಹೆಣ್ಣು, ಅರ್ಜುನನೂ ಹೆಣ್ಣು. ಗಂಡಸು ಹೆಣ್ಣಾಗಿ ಮಾಡಿದ ವಾದಕ್ಕೂ ಇದಕ್ಕೂ ವ್ಯತ್ಯಾಸವುಂಟು. ಸ್ತ್ರೀಯೊಡನೆ ಕಾದುವುದು ವೀರನಿಗೆ ಸಲ್ಲದೆಂಬ ಅರ್ಜುನನ ಮಾತು ಇಷ್ಟು ಶತಮಾನಗಳ ಕಾಲ ಧರ್ಮವಾಕ್ಯವೆಂದು ಸಭೆಯ ಮೆಚ್ಚಿಕೆಯನ್ನು ಪಡೆದಿತ್ತು. ಅದೇ ಮಾತು ಹೆಂಗಸಿನ ಕಂಠದಿಂದ ಹೊರಟಾಗ, ಅದು ಧರ್ಮವೋ, ಸೋಲುವ ಭಯಕ್ಕೆ ಹಾಕಿದ ಮುಸುಕೋ ಎಂಬ ಸಂಶಯವು ಹುಟ್ಟುವುದು. ಪದ್ಯವು ಹಳೆಯದೇ, ಭಾಗವತನು ಅದೇ ರಾಗದಲ್ಲಿ ಅದನ್ನು ಹಾಡಿ ನಿಲ್ಲಿಸುತ್ತಾನೆ, ಮದ್ದಳೆಯು ನಿಲ್ಲುತ್ತದೆ, ಪ್ರಮೀಳೆಯ ಉತ್ತರಕ್ಕಾಗಿ ಸಭೆಯು ಕಾಯುತ್ತದೆ.